ಲಾಲಪ್ಪನ ಜಾಗದಲ್ಲಿ ಮಲಗಿದವಳು

ಜನವರಿ 6, ಸಂಜೆ

ಶಹಾಬಾದ್. ನನ್ನ ನಿರ್ದೇಶನದ ನಗೆನಾಟಕ, ಮತ್ತೆ ರಿಹರ್ಸಲ್. ಹೆಣದ ಪಾತ್ರದ ಲಾಲಪ್ಪ ಚಾದರದಡಿ ಇವತ್ತೂ ನಕ್ಕುಬಿಟ್ಟ. ಗೆಳೆಯನ ಪಾತ್ರದ ಭಾಗಣ್ಣ ಎದೆ ಬಡಿದುಕೊಂಡು ಅಳುವ ಜಾಗ — "ಒಂದೇ ತಾಟಿನಾಗ ಉಂಡವ್ರು ನಾವು! ಇನ್ನ ಯಾರ ಜೋಡಿ ಉಣ್ಲಿ?"

"ಹೆಣ ನಗಬಾರದು ಲಾಲಪ್ಪಣ್ಣ," ಎಂದೆ.

"ಏನ್ ಮಾಡ್ಲಿ ಮುಜೀಬ ಸರ್? ಖರೇನ ಉಂಡಿದ್ರ ನಗು ಬರ್ತಿರಲಿಲ್ಲ."

ಎಲ್ಲರೂ ನಕ್ಕರು. ಭಾಗಣ್ಣನೂ. ವರ್ಷಗಳಿಂದ ಸ್ಟೇಜ್ ಮೇಲೆ ಇಬ್ಬರೂ ಜೊತೆ. ಆದರೆ ಲಾಲಪ್ಪನ ಕೇರಿಗೆ ಭಾಗಣ್ಣ ಕಾಲಿಟ್ಟವನಲ್ಲ. ಊಟಕ್ಕೆ ಕರೆದಾಗಲೆಲ್ಲ ಅವನಿಗೆ ಉಪವಾಸ.

ಜನವರಿ 19

ಲಾಲಪ್ಪ ಹೋದ. ಎದೆನೋವಂತೆ. ಮಣ್ಣಿಗೆ ಹೋಗಿದ್ದೆ, ತಂಡದಿಂದ ನಾನೊಬ್ಬನೇ. ಬಿಳಿ ಬಟ್ಟೆ ಹೊದಿಸಿದ್ದರು. ಎದೆಯ ಹತ್ತಿರ ಅಲುಗುತ್ತದೇನೋ ಎಂದು ನೋಡುತ್ತಲೇ ಇದ್ದೆ... ಮಣ್ಣು ಮುಚ್ಚುವವರೆಗೂ.

ಜನವರಿ 22

ಹಾಲ್‌ನಲ್ಲಿ ಶ್ರದ್ಧಾಂಜಲಿ. ಫೋಟೊ, ಹಾರ. ಭಾಗಣ್ಣ ಮೈಕ್ ಹಿಡಿದ. "ಒಂದೇ ತಾಟಿನಾಗ ಉಂಡವ್ರು ನಾವು..."

ಅದೇ ಡೈಲಾಗ್. ನಾನು ಹೇಳಿಕೊಟ್ಟ ಜಾಗದಲ್ಲೇ ಉಸಿರು ಎಳೆದ. ಕಣ್ಣೀರು ಮಾತ್ರ ನಿಜ. ನಾಟಕದ ಮಾತು ಎಂದು ಅವನಿಗೇ ಗೊತ್ತಾಗಿಲ್ಲ. ಜನ ಕಣ್ಣೊರೆಸಿಕೊಂಡರು. ನಾನು ಲಾಲಪ್ಪನ ನಗುವಿಗೆ ಕಾಯುತ್ತಿದ್ದೆ.

ಆಮೇಲೆ ಲಾಲಪ್ಪನ ಮಗಳು ಲುಂಬಿನಿ ಬಂದಳು.

"ಸರ್, ಅಪ್ಪನ ಪಾರ್ಟ್ ನಾ ಮಾಡ್ತೀನ್ರಿ."

"ಹೆಣ ಆಗಿ ಮಲಗಬೇಕವ್ವ..."

"ಮಲಗ್ತೀನ್ರಿ. ಕಡೀಕ ಹೆಣ ಎದ್ದು ಕೂಡೋದು ಅದ ಅಲ್ಲೇನ್ರಿ."

ಫೆಬ್ರವರಿ 9

ಸೇಡಂನಲ್ಲಿ ನಾಟಕ. ಭಾಗಣ್ಣ ಅತ್ತ, ಜನ ಬಿದ್ದು ಬಿದ್ದು ನಕ್ಕರು. ಹೆಣ ಎದ್ದು "ನನಗ ಹಸಿವಾಗ್ಯಾದ" ಅನ್ನಬೇಕು. ಲುಂಬಿನಿ ಚಾದರ ಸರಿಸಿ ಕೂತಳು. ಹಾಗನ್ನಲಿಲ್ಲ.

"ಕಾಕಾ, ನಮ್ಮ ಮನ್ಯಾಗ ಯಾವಾಗ ಉಂಡೀರಿ?"

ಚಪ್ಪಾಳೆ, ಶಿಳ್ಳೆ. ಅದೂ ನಾಟಕವೆಂದೇ ತಿಳಿದರು. ಭಾಗಣ್ಣನಿಗೆ ಮುಂದೆ ಡೈಲಾಗ್ ಇಲ್ಲ. ಪರದೆ ಎಳೆಯಲು ನಾನು ಹೇಳಬಹುದಿತ್ತು. ಹೇಳಲಿಲ್ಲ.

ಫೆಬ್ರವರಿ 16, ಬೆಳಿಗ್ಗೆ

ಇಷ್ಟು ದಿನ ಭಾಗಣ್ಣನ ಫೋನ್ ಬಂದ್. ಇವತ್ತು ಬಾಗಿಲಿಗೇ ಬಂದ. ಗಡ್ಡ ಬೆಳೆದಿದೆ.

"ಮುಜೀಬ, ಲಾಲಪ್ಪನ ಮನಿ ಎಲ್ಲಿ ಬರ್ತದ?"

"ಗೊತ್ತಿಲ್ಲೇನು?"

"ಇಲ್ಲ... ನಿದ್ದಿ ಬರವಲ್ದು. ಕಣ್ಣು ಮುಚ್ಚಿದ್ರ ಚಾದರ ಅಲುಗ್ತದ. ನೀನೂ ಜೋಡಿ ಬಾ."

ಲುಂಬಿನಿಗೆ ಫೋನ್ ಮಾಡಿದೆ. ಭಾಗಣ್ಣ ಬರ್ತಾನಂತೆ ಎಂದೆ. "ಬರ್ಲಿ. ಉಂಡೇ ಹೋಗ್ಬೇಕು ಅಂತ ಹೇಳ್ರಿ."

ಹೇಳಿದೆ. ಭಾಗಣ್ಣ ಮೆಟ್ಟಿಲ ಮೇಲೆ ಕೂತ. ನಾನು ಅಂಗಿ ಬದಲಿಸಲು ಒಳಗೆ ಬಂದೆ, ಇದನ್ನು ಬರೆಯುತ್ತ ಕೂತೆ. ಗೇಟಿನ ಸದ್ದು. ತಪ್ಪಿಸಿಕೊಂಡ ಅಂದುಕೊಂಡೆ. ಇಲ್ಲ — ರಸ್ತೆಯಿಂದ ಕೂಗುತ್ತಿದ್ದಾನೆ.

"ಲಗೂ ಬಾರಪ್ಪ, ನನ್ನ ಮನಸ್ಸು ತಿರುಗೂದ್ರಾಗ..."