ಎರಡು ಬ್ರೇಕಿನ ಕಾರು

ಪಾರ್ಟ್‌ನರ್,

ಈ ಕಾಗದವನ್ನೂ ನಾನು ಅಂಚೆಗೆ ಹಾಕುವುದಿಲ್ಲ. ಇವತ್ತು ಬೆಳಿಗ್ಗೆ ಡ್ರೈವಿಂಗ್ ಸ್ಕೂಲಿನ ಮೇಡಂ ನಮ್ಮ ಬಿಡಿಭಾಗಗಳ ಅಂಗಡಿಗೆ ಬಂದಿದ್ದರು. ಕಾರಿನ ಬ್ರೇಕ್ ಪ್ಯಾಡ್ ಸವೆದಿತ್ತಂತೆ. ಅಗ್ಗದ ಡಬ್ಬಿಯನ್ನೇ ಎತ್ತಿಕೊಂಡರು.

"ಕಲಿಯೋರ ಹತ್ರ ಒಂದು ಬ್ರೇಕು, ನನ್ನ ಕಾಲ ಕೆಳಗೆ ಇನ್ನೊಂದು. ಇದೇ ಸಾಕು ಅಣ್ಣಾ."

"ತುಳಿಯೋ ಕಾಲು ಎರಡಾದ್ರೂ ಚಕ್ರ ಹಿಡಿಯೋ ಪ್ಯಾಡ್ ಅದೇ ಅಲ್ವಾ ಮೇಡಂ? ಇಳಿಜಾರಲ್ಲಿ ಬಿಸಿಯಾದ್ರೆ ಇದು ಕೈ ಕೊಡುತ್ತೆ. ಒಳ್ಳೇದು ತಗೊಳ್ಳಿ."

"ಕೈ ಕೊಡೋ ಮಾಲನ್ನ ಮತ್ಯಾಕೆ ಇಟ್ಕೊಂಡಿದ್ದೀರಿ?" ಎಂದು ನಕ್ಕರು.

ಅಂಗಡಿ ಬಿಟ್ಟು ಹೋದ ದಿನ ನೀನೂ ಇದನ್ನೇ ಕೇಳಿದ್ದೆ. ಗಿರಾಕಿಗಳು ಕೇಳುತ್ತಾರೆ, ಎದುರಿನ ಅಂಗಡಿಯವನು ಮಾರುತ್ತಾನೆ ಎಂದೆಲ್ಲ ಆಗ ನಾನು ಜೋರಾಗಿ ಉತ್ತರಿಸಿದ್ದೆ. ಇವತ್ತು ಮೇಡಂ ಕೈಯಿಂದ ಅಗ್ಗದ ಡಬ್ಬಿ ತೆಗೆದುಕೊಂಡು ಒಳ್ಳೆಯದನ್ನು ಇಟ್ಟೆ.

ಅವರು ಒಳ್ಳೆಯದನ್ನೇ ಒಯ್ದರು. ಮಧ್ಯಾಹ್ನ ನಾನು ಅಗ್ಗದ ಪ್ಯಾಡುಗಳನ್ನೆಲ್ಲ ಕೆಳಗಿಳಿಸಿ, ಬೇರೆ ಯಾರೂ ಮಾರದಂತೆ ಸುತ್ತಿಗೆಯಿಂದ ಒಡೆದು ಗುಜರಿಗೆ ಹಾಕಿದೆ. ಕಪಾಟಿನ ಆ ಸಾಲು ಈಗ ಖಾಲಿ. ಅಲ್ಲಿ ಏನು ತುಂಬಬೇಕೆಂದು ಕೇಳಲು ನಾಳೆ ನಿನ್ನ ಮನೆಗೆ ಬರುತ್ತಿದ್ದೇನೆ. ನಾನು ಕೇಳಲು ಬಂದದ್ದು ಅದನ್ನಲ್ಲವೆಂದು ಬಾಗಿಲು ತೆರೆದ ಕೂಡಲೇ ನಿನಗೆ ತಿಳಿಯುತ್ತದೆ.