ಕೊಂಬಿನ ತುದಿಯ ವಿಭೂತಿ

ಕುರುಗೋಡು
೨೪ ಫೆಬ್ರುವರಿ ೨೦೨೬, ಮಂಗಳವಾರ

ಗುರುಬಸಮ್ಮಗೆ,

ಕ್ಷೇಮವಾಗಿದ್ದೀಯಾ? ಇಲ್ಲಿ ನಾನು, ಸಂಗಮೇಶ, ಸೊಸೆ ಅಕ್ಷತಾ ಮೂವರೂ ಆರಾಮಾಗಿದ್ದೇವೆ. ಅಂದರೆ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇವೆ, ಅಷ್ಟೇ. ನೀನು ಸಿರುಗುಪ್ಪಕ್ಕೆ ಹೋಗಿ ಎಂಟು ದಿನವಾಯಿತು. ಮೊದಲ ದಿನವೇ ಬರೆಯಬೇಕಿತ್ತು, ಬರೆಯಲಿಲ್ಲ, ತಪ್ಪು ನನ್ನದೇ. ಮೂರು ಸಲ ಬರೆದು ಮೂರು ಸಲವೂ ಹರಿದು ಹಾಕಿದೆ. ಮೂರರಲ್ಲೂ ಎರಡನೇ ಸಾಲಿಗೇ ನಿನ್ನ ತಪ್ಪು ಹುಡುಕಲು ಶುರು ಮಾಡಿದ್ದೆ. ಫೋನ್ ಮಾಡಿದರೆ ನಿನ್ನ ತಮ್ಮ ಶರಣ ಎತ್ತಿ, "ಅಕ್ಕ ಜಳಕಕ್ಕ ಹೋಗ್ಯಾಳ್ರಿ ಮಾವಾ" ಅನ್ನುತ್ತಾನೆ. ದಿನಕ್ಕೆ ನಾಲ್ಕು ಸಲ ಯಾರು ಜಳಕ ಮಾಡುತ್ತಾರೆ ಬಸಮ್ಮ? ಹೋಗಲಿ. ಬಾಯಲ್ಲಿ ನಾನು ಜೋರು ಅನ್ನುವುದು ಊರಿಗೇ ಗೊತ್ತು. ಕಾಗದದ ಮೇಲೆ ದನಿ ಏರಿಸಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ಶಿವರಾತ್ರಿಯ ವಿಷಯಕ್ಕೇ ಬರುತ್ತೇನೆ. ಬಳ್ಳಾರಿ ಕಂಟೋನ್ಮೆಂಟಿನ ನನ್ನ ಗೆಳೆಯ ನರಸಿಂಹ ತನ್ನ ದೊಡ್ಡ ದೂರದರ್ಶಕವನ್ನು ನಮ್ಮ ಮಾಳಿಗೆ ಮೇಲೆ ತಂದಿಟ್ಟು, "ಇಟ್ಕೋಲೇ ಎರ್ರಿ, ಬಳ್ಳಾರಿ ಬೆಳಕಿನಾಗ ನನಗ ಏನೂ ಕಾಣವಲ್ದು" ಅಂದು ಹೋದಾಗಿನಿಂದ ನನ್ನ ಕಾಲು ನೆಲದ ಮೇಲಿರಲಿಲ್ಲ, ನೀನೇ ನೋಡಿದ್ದೀಯ. ಮೂವತ್ತೆರಡು ವರ್ಷ ಸಾಲಿಯಲ್ಲಿ ಆ ಚಿತ್ರ ತೋರಿಸಿ ಪಾಠ ಮಾಡಿದವನು ನಾನು. ಭಾರೀ ನಕ್ಷತ್ರವೊಂದು ಸಾಯುವಾಗ ಸಿಡಿಯುತ್ತದೆ, ಸಿಡಿದು ಉಳಿದದ್ದು ಸಾವಿರಾರು ವರ್ಷ ಆಕಾಶದಲ್ಲಿ ಹರಡುತ್ತಾ ಬೆಳಗುತ್ತಿರುತ್ತದೆ, ಅಂಥದ್ದೊಂದು ವೃಷಭ ರಾಶಿಯ ಕೊಂಬಿನ ತುದಿಯಲ್ಲಿದೆ, ಹೆಸರು ಏಡಿ ನೀಹಾರಿಕೆ. ಪುಸ್ತಕದಲ್ಲಿ ಅದು ಕೆಂಪು, ಹಸಿರು, ನೀಲಿ ಎಳೆಗಳ ದೊಡ್ಡ ಹೂವು. ಕಣ್ಣಾರೆ ಒಂದು ದಿನವೂ ನೋಡಿರಲಿಲ್ಲ. ಬಸವಣ್ಣನ ಕೊಂಬಿನ ತುದಿಯಲ್ಲಿರುವುದನ್ನು ಶಿವರಾತ್ರಿಯ ಜಾಗರಣೆಗೆ ಕೂತ ಓಣಿಯವರಿಗೆಲ್ಲ ತೋರಿಸಬೇಕು ಅಂತ ಹಟ ಹಿಡಿದೆ. ಬಳ್ಳಾರಿಯಿಂದ ಬಣ್ಣದ ಫೋಟೋ ಹಾಕಿಸಿಕೊಂಡು ಬಂದು ಮಾಳಿಗೆ ಬಾಗಿಲಿಗೆ ಅಂಟಿಸಿದೆ.

ಏಳು ಗಂಟೆಗೆ ದೂರದರ್ಶಕದ ಕೊಳವೆಯನ್ನು ಕೊಂಬಿನ ತುದಿಗೆ ಹಿಡಿದು, ಯಾರಾದರೂ ಮುಟ್ಟಿ ಅಲುಗಿಸಿಬಿಟ್ಟಾರು ಅಂತ ಹಗ್ಗ ಹಾಕಿ ಬಿಗಿಯಾಗಿ ಕಟ್ಟಿದೆ. ಎಂಟಕ್ಕೆ ಜನ ಬಂದರು. ಫೋಟೋ ನೋಡಿದರು, ಚಪ್ಪಲಿ ಬಿಟ್ಟರು, ಸಾಲಾಗಿ ನಿಂತು ಒಬ್ಬೊಬ್ಬರೇ ಬಗ್ಗಿ ನೋಡಿ ಕೈ ಮುಗಿದರು. ದರ್ಶನ ಆಗಲಿಲ್ಲ ಅಂತ ಶಿವರಾತ್ರಿಯ ದಿನ ಯಾರು ಹೇಳುತ್ತಾರೆ? ಪಕ್ಕದ ಮನೆ ದುರುಗಪ್ಪ, "ಅಬ್ಬಬ್ಬಾ! ಕೆಂಪಗ ನಿಗಿನಿಗಿ ಅಂತೈತಲ್ರಿ ಮೇಷ್ಟ್ರ!" ಅಂದ. ಅಕ್ಷತಾ ಹಸಿರು ಕಂಡಿತು ಅಂದಳು. ಕೊನೆಗೆ ನೀನು ಬಂದೆ. ಕೈ ಒರೆಸಿಕೊಂಡು, ಬಹಳ ಹೊತ್ತು ನೋಡಿ ಹೇಳಿದೆ: "ನಾಕು ಚುಕ್ಕಿ ಬಿಟ್ರ ಏನೂ ಇಲ್ಲರಿ. ಬರೇ ಕತ್ತಲಿ ಐತಿ."

ನಾನು ಅಂದದ್ದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. "ಕಣ್ಣಿದ್ದವ್ರಿಗೆಲ್ಲಾ ಕಂಡೈತಿ. ನಿನಗೇನು ತಿಳೀತೈತಿ? ಸುಮ್ನ ಕೆಳಗ ನಡಿ." ಹದಿನೈದು ಜನರ ಎದುರಿಗೆ. ನೀನು ಮೆಟ್ಟಿಲಿಳಿದು ಹೋದೆ. ಬೆಳಿಗ್ಗೆ ಬಸ್ಸಿಗೆ ಹೊರಟಾಗ ಹೊಸ್ತಿಲಲ್ಲಿ ನಿಂತು, "ನಾ ಹೇಳಿದ್ದನ್ನ ನೀವು ನಂಬಂಗಿಲ್ರಿ. ಆವಾಗೂ ಅಷ್ಟ, ಈಗೂ ಅಷ್ಟ" ಅಂದೆ. ನಾನು ಪೇಪರ್ ಓದುವವನ ಹಾಗೆ ಕೂತಿದ್ದೆ.

ಈಗ ನಿಜ ಹೇಳುತ್ತೇನೆ, ನಗಬೇಡ. ಜನ ಬರುವ ಮೊದಲು ನಾನೂ ಬಗ್ಗಿ ನೋಡಿದ್ದೆ. ನನಗೂ ಏನೂ ಕಂಡಿರಲಿಲ್ಲ. ವಯಸ್ಸಾದ ಕಣ್ಣು, ಹಳೆಯ ಕನ್ನಡಕ ಅಂದುಕೊಂಡು ಸುಮ್ಮನಾದೆ. ದುರುಗಪ್ಪ ಕೆಂಪು ಅಂದಾಗ ಹೋದ ಜೀವ ಬಂದಂತಾಯಿತು. ನೀನೊಬ್ಬಳೇ ನನ್ನ ಮನಸ್ಸಿನಲ್ಲಿದ್ದದ್ದನ್ನು ಜೋರಾಗಿ ಹೇಳಿದೆ, ಅದಕ್ಕೇ ನಿನ್ನ ಮೇಲೆ ಹರಿಹಾಯ್ದೆ.

ಅಮಾವಾಸ್ಯೆಯ ಸಂಜೆ ನರಸಿಂಹ ಬಂದ. ಹಗ್ಗ ನೋಡಿದವನೇ ಹೊಟ್ಟೆ ಹಿಡಿದುಕೊಂಡು ನಕ್ಕ. "ಲೇ, ಇದೇನು ಎಮ್ಮೀನ? ಕಟ್ಟಿ ಹಾಕಿಯಲ್ಲ! ಭೂಮಿ ತಿರುಗ್ತೈತಿ ಅಂತ ಸಾಲ್ಯಾಗ ಹೇಳಿಕೊಟ್ಟಿಲ್ಲೇನು?" ನನಗೆ ಭೂಮಿ ಬಾಯಿಬಿಡಬಾರದೆ ಅನಿಸಿತು. ಭೂಮಿ ತಿರುಗುವುದರಿಂದ ಆಕಾಶ ಸರಿಯುತ್ತಲೇ ಇರುತ್ತದೆ, ಎರಡು ಮೂರು ನಿಮಿಷಕ್ಕೊಮ್ಮೆ ಕೊಳವೆಯನ್ನೂ ಸರಿಸಬೇಕು. ನಾನು ಕಟ್ಟಿ ಒಂದು ತಾಸಾಗಿತ್ತು. ಓಣಿಯವರೆಲ್ಲ ಕೈ ಮುಗಿದದ್ದು ಬರೀ ಖಾಲಿ ಜಾಗಕ್ಕೆ! ಅಕ್ಷತಾಳನ್ನು ಕೇಳಿದರೆ, "ನಿಮ್ಮ ಮುಖ ನೋಡಿ ಹೂಂ ಅಂದ್ನಿರಿ ಮಾವಾ" ಅಂದಳು. ಬಣ್ಣದ ಕಥೆಯೂ ಅಷ್ಟೇ. ಕ್ಯಾಮೆರಾ ತಾಸುಗಟ್ಟಲೆ ಬೆಳಕು ಕೂಡಿಸಿಕೊಂಡರೆ ಬಣ್ಣ ಬರುತ್ತದಂತೆ, ನಮ್ಮ ಕಣ್ಣಿಗೆ ಅದು ಬೂದು ಬಣ್ಣವೇ ಅಂತೆ.

ಮನೆಯ ದೀಪಗಳನ್ನೆಲ್ಲ ಆರಿಸಿ ಅರ್ಧ ತಾಸು ಕತ್ತಲಲ್ಲಿ ಕೂತೆವು. ಆಮೇಲೆ ಅವನು ಹುಡುಕಿ ಕೊಟ್ಟು, "ನೆಟ್ಟಗ ನೋಡಬ್ಯಾಡ, ಒಂಚೂರು ಬಾಜೂಕ ನೋಡು" ಅಂದ. ನೋಡಿದೆ. ಮೊದಲು ಏನೂ ಇಲ್ಲ. ಆಮೇಲೆ ಮೆಲ್ಲಗೆ, ಉಸಿರು ಬಿಟ್ಟರೆ ಹಾರಿಹೋಗುತ್ತದೇನೋ ಅನ್ನುವಷ್ಟು ತೆಳ್ಳಗೆ, ಉದ್ದುದ್ದ, ಅಂಚು ಹರಿದಂತಿರುವ ಒಂದು ಬೆಳಕು ಬಂತು. ಮಧ್ಯಾಹ್ನದ ಹೊತ್ತಿಗೆ ನಿನ್ನ ಹಣೆಯ ಮೇಲೆ ಬೆವರಿಗೆ ಅರ್ಧ ಅಳಿಸಿರುತ್ತದಲ್ಲ ವಿಭೂತಿ, ಹಾಗೆ. ನೆಟ್ಟಗೆ ನೋಡಿದರೆ ಇಲ್ಲ, ದೃಷ್ಟಿ ಸರಿಸಿದರೆ ಇದೆ. ಅಷ್ಟು ಚೆಂದದ್ದನ್ನು ನಾನು ನೋಡಿಲ್ಲ ಬಸಮ್ಮ. ಯಾವ ಫೋಟೋವೂ ಅದರ ಮುಂದೆ ನಿಲ್ಲುವುದಿಲ್ಲ, ಯಾಕೆಂದರೆ ಇದು ಆ ನಕ್ಷತ್ರದ್ದೇ ಬೆಳಕು, ಆರೂವರೆ ಸಾವಿರ ವರ್ಷ ನಡೆದು ಬಂದು ನೇರವಾಗಿ ನನ್ನ ಕಣ್ಣೊಳಗೆ ಇಳಿದದ್ದು. ಬಸವಣ್ಣನವರು ಹುಟ್ಟುವ ಮೊದಲೇ ಅದು ಸಿಡಿದದ್ದನ್ನು ಚೀನಾದವರು ನೋಡಿ ಬರೆದಿಟ್ಟಿದ್ದಾರೆ, ಇಪ್ಪತ್ತಮೂರು ದಿನ ಹಗಲಲ್ಲೇ ಕಾಣುತ್ತಿತ್ತಂತೆ. ಇನ್ನೂ ಹರಡುತ್ತಲೇ ಇದೆ. "ನಮ್ಮ ಸಂಡೂರು ಗುಡ್ಡದಾಗಿನ ಕಬ್ಬಿಣ, ಮೈಯಾಗಿನ ರಕ್ತದಾಗಿನ ಕಬ್ಬಿಣ, ಎಲ್ಲಾ ಹಿಂಗ ಸತ್ತ ಚುಕ್ಕಿಗೋಳು ಕೊಟ್ಟಿದ್ದಲೇ" ಅಂದ ನರಸಿಂಹ. ಹಂಸ ರಾಶಿಯ ರೆಕ್ಕೆಯ ಹತ್ತಿರ ಇನ್ನೊಂದಿದೆಯಂತೆ, ದಾರ ಬಿಟ್ಟ ಸೆರಗಿನ ಹಾಗೆ, ಸೆಪ್ಟೆಂಬರಿನಲ್ಲಿ ತೋರಿಸುತ್ತಾನಂತೆ. ನನ್ನ ಕಣ್ಣಲ್ಲಿ ನೀರು ಬಂದು ನೀಹಾರಿಕೆಯೂ ಹೋಯಿತು, ಕೊಂಬೂ ಹೋಯಿತು. ಆ ಮುಠ್ಠಾಳ ಅದಕ್ಕೂ ನಕ್ಕ.

ಮರುದಿನ ದುರುಗಪ್ಪನ ಕಟ್ಟೆಯ ಮೇಲೆ ನಾಲ್ಕು ಜನ ಕೂತಿದ್ದಾಗಲೇ ಹೋಗಿ ಹೇಳಿದೆ: "ಅವತ್ತು ಅಲ್ಲೇನೂ ಇರಲಿಲ್ಲ. ನಮ್ಮ ಮನಿಯಾಕಿ ಹೇಳಿದ್ದ ಖರೆ." ದುರುಗಪ್ಪ ತಲೆ ಕೆರೆದುಕೊಂಡು, "ನನಗೂ ಕಂಡಿರ್ಲಿಲ್ಲ ಬಿಡ್ರಿ. ಮೇಷ್ಟ್ರು ಬ್ಯಾಸರ ಮಾಡ್ಕೋತಾರ ಅಂತ..." ಅಂದ. ನಾನು ಬೈಯಲಿಲ್ಲ. ನಂಬು, ನಿಜವಾಗಿಯೂ ಬೈಯಲಿಲ್ಲ.

ಈಗ ಚಂದ್ರ ದೊಡ್ಡವನಾಗುತ್ತಿದ್ದಾನೆ, ಅವನಿದ್ದರೆ ಅದು ಕಾಣುವುದಿಲ್ಲ. ಯುಗಾದಿಯ ಹಿಂದುಮುಂದಿನ ಕತ್ತಲೆ ಚೆನ್ನಾಗಿರುತ್ತದೆ. ಆಮೇಲೆ ಅದು ಪಡುವಣಕ್ಕೆ ಇಳಿದುಬಿಡುತ್ತದೆ, ಮಳೆಗಾಲ ಮುಗಿಯುವ ತನಕ ಸಂಜೆಗೆ ಸಿಗುವುದಿಲ್ಲ. ನೀನು ಬಾ. ಜನ ಬೇಡ, ಫೋಟೋ ಬೇಡ, ಅದನ್ನು ಹರಿದು ಹಾಕಿದ್ದೇನೆ. ನೀನು ನೋಡಿ ಏನು ಕಂಡಿತೋ ಹೇಳು. ಏನೂ ಕಾಣಲಿಲ್ಲ ಅಂದರೂ ಸರಿ.

ಶರಣನಿಗೆ, ಅವನ ಹೆಂಡತಿಗೆ, ಮಕ್ಕಳಿಗೆ ನನ್ನ ಆಶೀರ್ವಾದ ತಿಳಿಸು. ಸಿರುಗುಪ್ಪದ ಸೊಳ್ಳೆ ಕಾಟ ಹೇಗಿದೆ? ಮಂಡಿಗೆ ಎಣ್ಣೆ ತಿಕ್ಕಿಸಿಕೊ, ತಣ್ಣೀರಲ್ಲಿ ಬಟ್ಟೆ ಒಗೆಯಬೇಡ. ದೊಡ್ಡ ಬಸವೇಶ್ವರ ನಿನ್ನನ್ನು ನೂರು ವರ್ಷ ಸುಖವಾಗಿಟ್ಟಿರಲಿ, ನನಗೆ ಬೈಯಲಿಕ್ಕಾದರೂ.

ಇಂತಿ ನಿನ್ನ,
ಎರ್ರಿಸ್ವಾಮಿ

ಮತ್ತೆ: ಕಾಗದ ಮಡಚಿ ಅಂಟು ಹಚ್ಚುವವನಿದ್ದೆ, ಬಿಚ್ಚಿದೆ. "ಆವಾಗೂ ಅಷ್ಟ" ಅಂದೆಯಲ್ಲ, ನನಗೆ ಅರ್ಥವಾಗಲಿಲ್ಲ ಅಂದುಕೊಳ್ಳಬೇಡ. ಆಗಲೇ ಅರ್ಥವಾಯಿತು. ಸಂಗಮೇಶ ಹುಟ್ಟುವುದಕ್ಕೆ ಎರಡು ವರ್ಷ ಮೊದಲು, ನಿನಗೆ ಎಂಟು ತಿಂಗಳು. ಒಲೆಯ ಮುಂದಿನಿಂದ ಎದ್ದು ಬಂದು, "ಕೂಸು ನಿನ್ನಿಯಿಂದ ಮಿಸುಕಾಡವಲ್ದುರಿ" ಅಂದೆ. "ಹೋದ ವಾರನ ಡಾಕ್ಟರು ಎಲ್ಲಾ ಚಲೋ ಐತಿ ಅಂದಾರ, ನಿನಗೇನು ಗೊತ್ತಾಗ್ತೈತಿ" ಅಂದು ನಾನು ಸಾಲಿಗೆ ಹೋದೆ. ಪರೀಕ್ಷೆ ಮುಗಿಸಿ ಬಂದು ಬಳ್ಳಾರಿಗೆ ಕರೆದುಕೊಂಡು ಹೋಗುವಷ್ಟರಲ್ಲಿ ಸಂಜೆಯಾಗಿತ್ತು. ಬೆಳಿಗ್ಗೆಯೇ ಹೋಗಿದ್ದರೆ ಉಳಿಯುತ್ತಿದ್ದಳೋ ಇಲ್ಲವೋ, ಯಾರನ್ನು ಕೇಳಲೂ ನನಗೆ ಧೈರ್ಯ ಬರಲಿಲ್ಲ. ನರ್ಸಮ್ಮ ಬಟ್ಟೆಯಲ್ಲಿ ಸುತ್ತಿ ತಂದಾಗ ನೀನು ಮುಖ ನೋಡಿದೆ. ನಾನು ಹೊರಗೆ ಗೋಡೆಯ ಕಡೆ ತಿರುಗಿ ನಿಂತಿದ್ದೆ. ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ನಿನ್ನನ್ನು ಕೇಳಲಿಲ್ಲ. ಬರುವುದು ಬಿಡುವುದು ನಿನ್ನ ಇಷ್ಟ, ಇದೊಂದನ್ನು ಮಾತ್ರ ಬರೆದು ಕಳಿಸು ಬಸಮ್ಮ. ನಮ್ಮ ಮಗಳು ಹೇಗಿದ್ದಳು?