ಗೊಂಬೆಗೆ ಉಡಿಸಿದ ಬಿಳಿ

ಜೂನ್ 9, ಸೋಮವಾರ. ಮಧ್ಯಾಹ್ನ, ಅಂಗಡಿ

ನಾನು ಭಾಗಮ್ಮ. ಸೂಪರ್ ಮಾರ್ಕೆಟ್ ಪೇಟೆಯ ಈ ಸೀರೆ ಅಂಗಡಿಯ ಒಡತಿ. ಮೆಟ್ರಿಕ್ ಪಾಸು. ಯಜಮಾನರು ತೀರಿಕೊಂಡ ಮೇಲೆ ಗಲ್ಲಾಪೆಟ್ಟಿಗೆಯ ಮುಂದೆ ಕೂತವಳು, ಇನ್ನೂ ಎದ್ದಿಲ್ಲ. ಜೇವರ್ಗಿ ಕಾಲೋನಿಯಲ್ಲಿ ಮದುವೆ ನಿಶ್ಚಯವಾದರೆ ಬಣ್ಣ ಯಾವುದು, ಅಂಚು ಯಾವುದು ಎಂದು ಮೊದಲು ನನ್ನನ್ನೇ ಕೇಳುತ್ತಾರೆ. ಬಾಗಿಲಲ್ಲಿರುವ ಗೊಂಬೆಗೆ ದಿನಾ ಸೀರೆ ಉಡಿಸುವವಳು ನಾನೇ. ಬೇರೆ ಕೈ ತಾಗಕೂಡದು. ಇವತ್ತು ಗಿಳಿಹಸಿರು, ಕೆಂಪಂಚು. ಉಡಿಸಿ ಸೆರಗು ಸರಿಮಾಡುವಷ್ಟರಲ್ಲಿ ಇಬ್ಬರು ಬಂದು ಅದನ್ನೇ ಕೇಳಿದರು.

ಮೊಮ್ಮಗಳು ಅಂಜನಾಳ ಶಾಲೆ ಶುರುವಾಗಿದೆ. ಏಳನೇ ಇಯತ್ತೆ. ಮಗ ಶಿವಲಿಂಗ ತೀರಿಹೋಗಿ ಇದು ಮೂರನೇ ವರ್ಷ. ಸೊಸೆ ಪ್ರೀತಿ ಯುಗಾದಿ ಆದ ಮೇಲೆ ಕಮಲಾಪುರದ ಒಬ್ಬ ಮಾಸ್ತರನನ್ನು ಮದುವೆಯಾದಳು. ತವರೂ ಅಲ್ಲೇ. ಕೂಸು ಯಾರ ಹತ್ತಿರ ಇರಬೇಕೆಂದು ಹಿರಿಯರು ಕೂತರು. ನಾನು ಹೇಳಿದೆ — ಹೋಗುವವಳು ಹೋಗಲಿ, ಶಿವಲಿಂಗನ ಮಗಳು ಈ ಮನೆಯವಳು. ಭೇಟಿ ಬೇಡ, ಫೋನೂ ಬೇಡ. ಕೂಸಿನ ಮನಸ್ಸು ಒಂದು ಕಡೆ ನಿಲ್ಲಲಿ. ಪ್ರೀತಿ ತಲೆ ತಗ್ಗಿಸಿ ಮಾತು ಕೊಟ್ಟಳು.

ನನ್ನ ಮಾತೇ ನಡೆಯಿತು. ಕೂಸು ಅಳಲಿಲ್ಲ. ಮಾತೂ ಆಡುತ್ತಿಲ್ಲ.

ಜೂನ್ 15, ರವಿವಾರ

ಇವತ್ತು ಕೂಸು ಮಾತಾಡಿತು.

"ಆಯಿ, ಒಂದ ತಾಸು ನಿನ್ನ ಫೋನ್ ಕೊಡು. ಒಂದು ಗೇಮ್ ಅದ."

ಕೊಟ್ಟೆ. ಪಕ್ಕದಲ್ಲೇ ಕೂತೆ, ಏನು ಮಾಡುತ್ತಾಳೋ ನೋಡೋಣ ಅಂತ. ಹೊರದೇಶದ ಹಾಡುವ ಹುಡುಗಿಯರು, ಐದು ಜನ. ಅವರಿಗೆ ಬಟ್ಟೆ ಹಾಕಬೇಕು, ಕೂದಲು ಕಟ್ಟಬೇಕು, ಸ್ಟೇಜ್ ಹತ್ತಿಸಬೇಕು. ಎಲ್ಲಿನವರೋ ನೋಡಿ ಸ್ಟಾರ್ ಕೊಡುತ್ತಾರೆ.

"ಇವಕ್ಕ ಹೇಳೋರು ಕೇಳೋರು ಯಾರೂ ಇಲ್ಲೇನ? ಮೊಣಕಾಲು ಕಾಣ್ತಾವ."

"ಹಾಡಾಕ ಹೊಂಟಾರ ಆಯಿ. ಗುಡಿಗಲ್ಲ."

ಸುಮ್ಮನೆ ನೋಡುತ್ತಾ ಕೂರಬೇಕೆಂದಿದ್ದೆ. ಆಗಲಿಲ್ಲ. ನಡುವೆ ನಿಂತ ಹುಡುಗಿಗೆ ನೇರಳೆ ಲಂಗ, ಅದರ ಮೇಲೆ ಕಿತ್ತಳೆ ಅಂಗಿ! "ತೆಗಿ ಅದನ್ನ. ಕಣ್ಣಿಗೆ ಹೊಡೀತದ. ಸಾಸಿವೆ ಹೂವಿನ ಹಳದಿ ಅದ ಏನು ನೋಡು." ಇತ್ತು. ಹಾಕಿದಳು. ಸ್ವಲ್ಪ ಹೊತ್ತಿಗೆ ಫೋನು ಗಿಲಗಿಲ ಎಂದಿತು.

"ಆಯಿ! ಇಷ್ಟು ಸ್ಟಾರ್ ಎಂದೂ ಬಂದಿಲ್ಲ!"

"ಯಾರಂತ ತಿಳಿದಿ?"

ನಕ್ಕಳು. ಹಲ್ಲು ಕಾಣುವ ಹಾಗೆ. ದಿನಾ ಸಂಜೆ ಒಂದು ತಾಸು ಆಡಲಿ ಎಂದೆ.

ಜೂನ್ 24, ಮಂಗಳವಾರ

ನಿನ್ನೆ ಸಂಜೆ ಅಂಜನಾ ನಡುವಿನ ಹುಡುಗಿಗೆ ರೇನ್‌ಕೋಟು ಹಾಕಿದಳು. ಸ್ಟೇಜ್ ಮೇಲೆ ಎಂಥ ಮಳೆ ಅಂದೆ. "ಸುಮ್ಮ ಹಾಕೀನಿ" ಅಂದಳು.

ಇವತ್ತು ಮಧ್ಯಾಹ್ನ ಗಿರಾಕಿ ಇರಲಿಲ್ಲ. ಸ್ಟಾರ್ ಎಷ್ಟು ಬಂದಿವೆ ನೋಡೋಣ ಎಂದು ತೆಗೆದೆ. ರೇನ್‌ಕೋಟು ಇಲ್ಲ. ಉಣ್ಣೆಯ ಶಾಲು, ಟೋಪಿ, ದಪ್ಪ ಕಾಲುಚೀಲ. ಫೋನು ಬೆಳಿಗ್ಗೆಯಿಂದ ನನ್ನ ಹತ್ತಿರವೇ ಇದೆ. ಬುರ್ಹಾನುದ್ದೀನ್‌ಗೆ ತೋರಿಸಿದೆ. ಯಜಮಾನರ ಕಾಲದಿಂದ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವವನು.

"ಏನು ದೆವ್ವ ಹೊಕ್ಕದ ಇದರಾಗ?"

"ದೆವ್ವ ಅಲ್ಲ ರೀ ಅಮ್ಮಾವ್ರ. ಪಾಸ್‌ವರ್ಡ್ ಗೊತ್ತಿದ್ರ ಒಂದ ಗೇಮು ಎರಡು ಫೋನಿನ್ಯಾಗ ತೆಗೀಬಹುದು. ನಮ್ಮ ಹುಡುಗಿ ಫರ್ಹೀನ್ ತನ್ನ ಖಾಲಾನ, ಚಿಗವ್ವನ, ಮಗಳ ಜೋಡಿ ಹಿಂಗ ಆಡ್ತಾಳ. ಇಲ್ಲಿ ಇಕಿ ಬದಲಿ ಮಾಡಿದ್ರ ಅಲ್ಲಿ ಅಕಿಗಿ ಕಾಣ್ತದ."

ಇನ್ನೊಂದು ಫೋನು ಯಾರದು ಎಂದು ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಸಂಜೆ

ಮನೆಗೆ ಬಂದು ಕೆಲಸದವಳನ್ನು ಕೇಳಿದೆ. ನಿನ್ನೆ ಟ್ಯೂಷನ್‌ನಿಂದ ಬರುವಾಗ ಕೂಸು ಪೂರ್ತಿ ತೊಯ್ದು ಬಂದಿತ್ತಂತೆ. ಅಂಜನಾಳ ಹಣೆ ಮುಟ್ಟಿದೆ. ಬೆಚ್ಚಗಿತ್ತು.

ಒಂದೇ ಮನೆಯಲ್ಲಿರುವ ನನಗೆ ಗೊತ್ತಿಲ್ಲ. ಕಮಲಾಪುರಕ್ಕೆ ಗೊತ್ತು. ಮೈ ತುಂಬ ಹೊದ್ದುಕೋ ಎಂದು ಅಲ್ಲಿಂದ ಪ್ರೀತಿ ಹೇಳಿ ಕಳಿಸಿದ್ದಾಳೆ.

ಜೂನ್ 26, ಗುರುವಾರ

ಎರಡು ದಿನ ನೋಡಿದೆ. ಉಡುಪು ಓದುವುದು ನನಗೆ ಯಾರೂ ಕಲಿಸಬೇಕಿಲ್ಲ. ಬುಧವಾರ ಕೂಸು ಪಟ್ಟೆಪಟ್ಟೆಯ ರಾತ್ರಿ ಅಂಗಿ ಹಾಕಿತು — ಶಾಲೆಗೆ ಹೋಗಿಲ್ಲ, ಮಲಗಿದ್ದೇನೆ. ಇವತ್ತು ಮಧ್ಯಾಹ್ನ ಅದರ ಜಾಗದಲ್ಲಿ ಹಳದಿ ಫ್ರಾಕು, ತಲೆಗೆ ಹೂವು — ಬೇಗ ಏಳು, ನನ್ನ ಬಂಗಾರ.

ನನ್ನ ಕಣ್ಣೆದುರು, ನನ್ನದೇ ಫೋನಿನಲ್ಲಿ. ಹಳದಿಗೆ ಸ್ಟಾರ್ ಬಂತೆಂದು ಹಿಗ್ಗಿದವಳು ನಾನು!

ಕೂಸಿಗೆ ಏನೂ ಅನ್ನಲಿಲ್ಲ. ಅದರ ತಾಸು ಮುಗಿದ ಮೇಲೆ ನಾನೇ ಗೇಮು ತೆಗೆದೆ. ಉದ್ದನೆಯ ಬಿಳಿ ಗೌನು ಒಂದಿತ್ತು. ಹಾಕಿದೆ. ಕಿವಿಯದು ತೆಗೆದೆ. ಬಳೆ ತೆಗೆದೆ. ಹೂವು ತೆಗೆದೆ. ತಾನು ಯಾರ ಹೆಂಡತಿಯಾಗಿದ್ದಳು, ಏನು ಉಟ್ಟು ಇರಬೇಕಾಗಿತ್ತು ಎಂಬುದು ಪ್ರೀತಿಗೆ ನೆನಪಾಗಲಿ. ನೋಡಿದರೆ ತಿಳಿಯುತ್ತದೆ.

ಜೂನ್ 27, ಶುಕ್ರವಾರ

ಆದದ್ದನ್ನು ಆದಂತೆ ಬರೆಯುತ್ತೇನೆ.

ಹನ್ನೆರಡರ ಹೊತ್ತಿಗೆ ಪ್ರೀತಿ ಅಂಗಡಿಗೆ ಬಂದಳು. ಮನೆಯಲ್ಲಿ ಉಡುವ ಸೀರೆ. ಕಾಲಲ್ಲಿ ಚಪ್ಪಲಿ ಇಲ್ಲ. ಮದುವೆ ಜವಳಿಗೆ ಬಂದವರು ತುಂಬಿದ್ದರು. ಅವರೆಲ್ಲರ ನಡುವೆ ನುಗ್ಗಿ ಬಂದಳು.

"ಅತ್ತೀ, ನನ್ನ ಕೂಸಿಗೇನಾತ್ರಿ?"

"ಏನಾಗಬೇಕು? ಸಾಲಿಗಿ ಹೋಗ್ಯಾಳ."

"ಸುಳ್ಳು ಹೇಳಬ್ಯಾಡ್ರಿ. ನಿನ್ನಿತನಾ ಜ್ವರ ಇತ್ತು. ಮುಂಜಾನೆ ನೋಡಿದ್ರ ಬಿಳಿ ಹೊದಿಸ್ಯಾರ. ಮೈಮ್ಯಾಲ ಏನೂ ಬಿಟ್ಟಿಲ್ಲ, ಒಂದು ಬಳಿ ಸೈತ... ಯಾರು ಹಾಕ್ಯಾರ್ರಿ? ಅಕಿ ಬಿಳಿ ಮುಟ್ಟಂಗಿಲ್ಲ."

"ನಾನು ಹಾಕೀನಿ."

"ಕೂಸು?"

"ಚಲೋ ಅದಾಳ. ಸಾಲಿಗಿ ಹೋಗ್ಯಾಳ ಅಂದ್ನೆಲ್ಲ."

ನಿಂತಲ್ಲೇ ಕುಸಿದು ಕೂತಳು. ಬುರ್ಹಾನುದ್ದೀನ್ ನೀರು ತಂದ. "ಕುಡಿ ಬೇಟಾ. ಮುಂಜಾನೆ ನಾನ ನೋಡೀನಿ, ಆಟೋದಾಗ ಹೊಂಟಿದ್ಲು. ನನ್ನ ಮೆಹಂದಿ ಗಡ್ಡ ನೋಡಿ ನಗಾಕತ್ತಿದ್ಲು."

ಅವಳು ಕುಡಿದಳು. ಆಮೇಲೆ ನನ್ನ ಕಡೆ ನೋಡದೆ ಹೇಳಿದಳು: "ಅವರು ಹೋದಾಗ ನೀವು ನನಗ ಬಿಳಿ ಉಡಿಸಿದ್ರಿ. ಕೂಸು ನನ್ನ ಮಗ್ಗಲಾಗ ಮಲಗಾಕ ಅಂಜತಿತ್ತು ರೀ. ಅದಕ್ಕ ಈ ಗೇಮು ಹಾಕ್ಕೊಟ್ಟೆ. ದಿನಾ ಒಂದು ಬಣ್ಣ ಹಾಕಿ, 'ಮಮ್ಮಿ, ಇವತ್ತು ನೀ ಇದು ಉಟ್ಟೀದಿ ನೋಡು' ಅಂತಿತ್ತು. ಆಗ ನನಗ ಉಡಿಸ್ತಿತ್ತು. ಈಗ ತನ್ನ ಸುದ್ದಿ ಉಡಿಸ್ತದ. ಫೋನ್ ಮಾಡಿಲ್ಲ ರೀ ನಾ. ಮಾತು ಕೊಟ್ಟೀನಿ."

ಅವಳು ಎದ್ದಳು.

"ಇದೂ ಮಾತು ತಪ್ಪಿದಂಗ. ಇನ್ನ ಗೇಮು ತೆಗೆಯಂಗಿಲ್ಲ."

ಶಾಲೆ ಬಿಡುವುದಕ್ಕೆ ಇನ್ನೂ ಹೊತ್ತಿತ್ತು. ನಿಲ್ಲುತ್ತೇನೆ ಎಂದು ಅವಳು ಅನ್ನಲಿಲ್ಲ. ನಿಲ್ಲು ಎಂದು ನಾನೂ ಅನ್ನಲಿಲ್ಲ. ಬರಿಗಾಲಲ್ಲೇ ಹೋದಳು. ನನ್ನ ಅಂಗಡಿಯ ಪಕ್ಕದಲ್ಲೇ ಚಪ್ಪಲಿ ಅಂಗಡಿ ಇದೆ.

ಜುಲೈ 6, ರವಿವಾರ

ಹತ್ತು ದಿನವಾದರೂ ನಡುವಿನ ಹುಡುಗಿ ಬಿಳಿಯಲ್ಲೇ ನಿಂತಿದ್ದಾಳೆ. ಕೂಸು ದಿನಾ ತೆಗೆದು ನೋಡುತ್ತದೆ. ಬದಲಿಸುವುದಿಲ್ಲ. ಅಲ್ಲಿಂದ ಬದಲಾಗಲಿ ಎಂದು ಕಾಯುತ್ತದೆ.

ಇವತ್ತು ಕೇಳಿತು. "ಆಯಿ, ಇದು ನೀ ಹಾಕೀದೇನು?"

"ಹೂಂ."

"ಯಾರು ಸತ್ತಾರ?"

"ಯಾರೂ ಇಲ್ಲ. ಹಂಗ್ಯಾಕ ಅಂತಿ?"

"ಮತ್ತ ಮಮ್ಮಿ ಯಾಕ ಬದಲಿ ಮಾಡವಲ್ಲಳು?"

ಯುಗಾದಿಯ ನಂತರ ಈ ಮನೆಯಲ್ಲಿ ಮಮ್ಮಿ ಎಂಬ ಶಬ್ದ ಕೇಳಿದ್ದು ಇದೇ ಮೊದಲು. ಪ್ರೀತಿ ಅಂಗಡಿಗೆ ಬಂದ ವಿಷಯ ನಾನು ಹೇಳಲಿಲ್ಲ. ಕೂಸು ಫೋನನ್ನು ಟೇಬಲ್ ಮೇಲೆ ಮೆಲ್ಲಗೆ ಇಟ್ಟು ಒಳಗೆ ಹೋಯಿತು.

ಜುಲೈ 9, ಬುಧವಾರ

ಫೋನು ಬೇಕೆಂದು ಈಗ ಕೇಳುವುದಿಲ್ಲ. ಅನ್ನ ಕಲಸಿ ಹಾಗೇ ಬಿಡುತ್ತದೆ.

ಸೋಮವಾರ ನಡುವಿನ ಹುಡುಗಿಗೆ ನಾನೇ ಉಡಿಸಿದೆ. ಮಾವಿನ ಚಿಗುರಿನ ಬಣ್ಣ. ಮರುದಿನ ನವಿಲುಗರಿ. ಇವತ್ತು ದಾಳಿಂಬೆ. ಸ್ಟಾರ್ ಬಿದ್ದವು, ರಾಶಿ ರಾಶಿ. ಎಲ್ಲಿನ ಜನವೋ ಮೆಚ್ಚಿಕೊಂಡರು. ಕಮಲಾಪುರದಿಂದ ಒಂದು ಪಿನ್ನು ಕೂಡ ಬದಲಾಗಲಿಲ್ಲ. ಕೊಟ್ಟ ಮಾತು ಉಳಿಸಿಕೊಳ್ಳುವವಳು ಎಂದು ನೋಡಿಯೇ ಅವಳನ್ನು ಈ ಮನೆಗೆ ತಂದಿದ್ದೆ.

"ಅಮ್ಮಾವ್ರ, ಗೊಂಬಿ ನಿನ್ನೀ ಸೀರಿ ಮ್ಯಾಲೇ ನಿಂತದ ರೀ" ಎಂದ ಬುರ್ಹಾನುದ್ದೀನ್.

"ನಿಂದರಲಿ" ಎಂದೆ.

ಜುಲೈ 13, ರವಿವಾರ. ಸಂಜೆ

ಶಾಲೆಯಿಂದ ಟಿ.ಸಿ. ಶುಕ್ರವಾರವೇ ತೆಗೆಸಿದ್ದೆ. ಯಾರಿಗೂ ಹೇಳಿರಲಿಲ್ಲ, ಕೂಸಿಗೂ.

ಬೆಳಿಗ್ಗೆ ಕೂಸನ್ನು ಕರೆದುಕೊಂಡು ಹುಮನಾಬಾದ್ ಬಸ್ಸು ಹತ್ತಿದೆ. ಕಮಲಾಪುರದಲ್ಲಿ ಇಳಿದು, ಪ್ರೀತಿಯ ತಂದೆ ಮರೆಪ್ಪನವರ ಮನೆಗೆ ನಡೆದೆವು. ಅಂಗಳದಲ್ಲಿ ಕೆಂಪು ಬಾಳೆಗೊನೆ ಇಳಿಸುತ್ತಿದ್ದರು. ಮಗಳೂ ಅಳಿಯನೂ ಅಲ್ಲೇ ಇದ್ದರು. ಕೂಸು ನನ್ನ ಕೈ ಬಿಟ್ಟು ಓಡಿತು. ತಾಯಿ ಮಗಳು ಬಾಗಿಲಲ್ಲೇ ಒಬ್ಬರನ್ನೊಬ್ಬರು ತಬ್ಬಿಕೊಂಡು ಕೂತುಬಿಟ್ಟರು. ಮಾಸ್ತರ ನನಗೆ ಕುರ್ಚಿ ತಂದಿಟ್ಟು ದೂರ ನಿಂತ. ಹುಡುಗ ಮೆತ್ತಗಿದ್ದಾನೆ. ಇರಲಿ.

ಚೀಲದಿಂದ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣಕೊಂಬು, ಹಸಿರು ಖಣ ತೆಗೆದೆ. ಸೆರಗು ಒಡ್ಡು ಎಂದು ಪ್ರೀತಿಗೆ ಹೇಳಿದೆ. ಅವಳ ಅವ್ವ ಹತ್ತಿರ ಬಂದು ಪಿಸುಗುಟ್ಟಿದಳು. "ಬೀಗತಿ, ಆಜೂಬಾಜು ಮುತ್ತೈದಿ ಯಾರನ್ನರ ಕರೀಲೇನ್ರಿ?"

ಗಂಡ ಸತ್ತವಳು ಉಡಿ ತುಂಬಬಾರದು. ನನಗೆ ಗೊತ್ತಿಲ್ಲವೇ? ಈ ಕಟ್ಟು ಹಿಡಿದು ಎಷ್ಟು ಜನರನ್ನು ಹಿಂದೆ ಸರಿಸಿದ್ದೇನೆ.

"ನನ್ನ ಮಗಳ ಉಡಿ ನಾನ ತುಂಬತೀನಿ" ಎಂದೆ. ತುಂಬಿದೆ.

ಪ್ರೀತಿ ಕಾಲಿಗೆ ಬಿದ್ದಳು. "ಅತ್ತೀ, ಕೂಸಿನ್ನ ಕರ್ಕೊಂಡು ಹೋಗಾಕ ಎಂದ ಬರ್ತೀರಿ?"

"ಬರಂಗಿಲ್ಲ. ಟಿ.ಸಿ. ಚೀಲದಾಗ ಅದ. ನಾಳಿ ಇಲ್ಲೇ ಸಾಲಿಗಿ ಹಾಕು."

ಅಂಜನಾ ಕೇಳಿತು. "ಆಯಿ, ನೀ?"

"ನನಗ ಅಂಗಡಿ ಅದ."

ಬಸ್ಸಿಗೆ ಕೈ ಮಾಡಿ ಹತ್ತಿದೆ. ಹಿರಿಯರಿಗೆ ನಾಳೆ ತಿಳಿಸುತ್ತೇನೆ. ಕೇಳುವುದಿಲ್ಲ, ತಿಳಿಸುತ್ತೇನೆ. ಕೊಟ್ಟು ಬಂದಿದ್ದೇನೆ. ಇನ್ನು ಸಂಜೆಯ ಆ ಒಂದು ತಾಸು ಫೋನು ಕೇಳುವವರು ಯಾರೂ ಇಲ್ಲ.